ಸ್ಥೌಲ್ಯ: ಬೀಜದ ದೋಷವೋ, ಕ್ಷೇತ್ರದ ದೋಷವೋ?

ಮೈ ಬೆಳೆದವರನ್ನು ಕುರಿತು ನಮ್ಮಲ್ಲಿ ಎರಡು ಮಾತುಗಳು ಯಾವಾಗಲೂ ಸಿದ್ಧವಾಗಿರುತ್ತವೆ. ನೋಡುವವರು “ಇದು ಹೊಟ್ಟೆಬಾಕತನದ ಫಲ” ಎನ್ನುವರು. ಬೆಳೆದವರು “ನಮ್ಮ ವಂಶವೇ ಹೀಗೆ, ನಮ್ಮ ತಂದೆಯವರೂ ಹೀಗೆಯೇ ಇದ್ದರು” ಎನ್ನುವರು. ಮೊದಲನೆಯ ಮಾತಿನಲ್ಲಿ ನಿಂದೆಯಿದೆ, ಎರಡನೆಯದರಲ್ಲಿ ನಿರಾಶೆಯಿದೆ. ಈಚೆಗೆ ಈ ಎರಡನೆಯ ಮಾತಿಗೆ ವಿಜ್ಞಾನದ ಮುದ್ರೆಯೂ ಬಿದ್ದಿದೆಯೆಂಬ ಭಾವನೆಯು ವಿದ್ಯಾವಂತರಲ್ಲಿ ಹಬ್ಬುತ್ತಿದೆ. ಇಂಥ ಜನಾಂಗದ ರಕ್ತದಲ್ಲಿಯೇ ಸ್ಥೌಲ್ಯವಿದೆಯೆಂದೂ, ಭಾರತೀಯರ ರಕ್ತದಲ್ಲಿಯೇ ಮಧುಮೇಹವಿದೆಯೆಂದೂ ಹೇಳುವುದನ್ನು ನಾವು ಸಭೆಗಳಲ್ಲಿಯೂ ಸಂಭಾಷಣೆಗಳಲ್ಲಿಯೂ ಕೇಳುತ್ತಿದ್ದೇವೆ. ಒಂದು ಜನಾಂಗವು ತನ್ನ ರೋಗಕ್ಕೆ ತನ್ನ ರಕ್ತವೇ ಕಾರಣವೆಂದು ನಂಬಿದ ದಿನವೇ ಪರಿಹಾರವನ್ನು ಹುಡುಕುವುದನ್ನು ಬಿಟ್ಟುಬಿಡುವುದು. ಆದುದರಿಂದ ಈ ಮಾತಿನಲ್ಲಿ ಸತ್ಯವೆಷ್ಟು, ಸತ್ಯಾಭಾಸವೆಷ್ಟು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಪ್ರಶ್ನೆಯೇನೂ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೌಲ್ಯದ ಕಾರಣಗಳನ್ನು ಎಣಿಸಿದೆ. ಅಳತೆಮೀರಿದ ಊಟ, ಗುರುವೂ ಮಧುರವೂ ಸ್ನಿಗ್ಧವೂ ಆದ ಆಹಾರ, ವ್ಯಾಯಾಮದ ಅಭಾವ, ಹಗಲುನಿದ್ರೆ, ಚಿಂತೆಯಿಲ್ಲದ ಜೀವನ ಮುಂತಾದವುಗಳನ್ನು ಹೇಳಿ, ಕಟ್ಟಕಡೆಯಲ್ಲಿ ಬೀಜಸ್ವಭಾವವನ್ನೂ ಸೇರಿಸಿದೆ. ಪ್ರಾಚೀನರು ಬೀಜವನ್ನು ಅಲ್ಲಗಳೆಯಲಿಲ್ಲ. ಬೀಜವೊಂದನ್ನೇ ಹಿಡಿದು ಕೂಡಲೂ ಇಲ್ಲ. ಇಂದಿನ ಸಂಶೋಧನೆಗಳನ್ನೆಲ್ಲ ನೋಡಿದ ಮೇಲೆ ಈ ಕ್ರಮದಲ್ಲಿ ಎಷ್ಟು ವಿವೇಕವಿತ್ತೆಂಬುದು ನಮಗೆ ಮನದಟ್ಟಾಗಿದೆ.

ಮೊದಲು ಬೀಜದ ಪಕ್ಷವನ್ನೇ ನ್ಯಾಯವಾಗಿ ಕೇಳೋಣ. ೨೦೦೭ನೆಯ ಇಸವಿಯಲ್ಲಿ ಇಂಗ್ಲೆಂಡಿನ ಪಂಡಿತರು ಸುಮಾರು ೩೯ ಸಾವಿರ ಜನರನ್ನು ಪರೀಕ್ಷಿಸಿ, ೧೬ನೆಯ ವರ್ಣತಂತುವಿನಲ್ಲಿರುವ ಎಫ್‌.ಟಿ.ಓ. ಎಂಬ ವಂಶವಾಹಿಯ ಒಂದು ಭೇದಕ್ಕೂ ದೇಹದ ತೂಕಕ್ಕೂ ಸಂಬಂಧವಿದೆಯೆಂದು ತೋರಿಸಿದರು. ತಂದೆಯಿಂದೊಂದು, ತಾಯಿಯಿಂದೊಂದು ಎಂದು ಈ ಭೇದದ ಎರಡು ಪ್ರತಿಗಳನ್ನು ಪಡೆದವರು, ಒಂದನ್ನೂ ಪಡೆಯದವರಿಗಿಂತ ಸರಾಸರಿ ೩ ಕಿಲೋಗ್ರಾಂ ಹೆಚ್ಚು ತೂಗುತ್ತಿದ್ದರು. ಈ ಭೇದವು ಎಲ್ಲ ಜನಾಂಗಗಳಲ್ಲಿಯೂ ಒಂದೇ ಪ್ರಮಾಣದಲ್ಲಿಲ್ಲ. ಯುರೋಪಿನವರಲ್ಲಿ ೧೦೦ ಪ್ರತಿಗಳಿಗೆ ಸುಮಾರು ೪೦, ನಮ್ಮ ದಕ್ಷಿಣ ಏಷ್ಯದವರಲ್ಲಿ ಸುಮಾರು ೩೦, ಚೀನ ಜಪಾನುಗಳ ಕಡೆ ಇನ್ನೂ ಕಡಿಮೆ. ಎಂ.ಸಿ.೪.ಆರ್. ಎಂಬ ಇನ್ನೊಂದು ವಂಶವಾಹಿಯಿದೆ. ಹಸಿವು ತೃಪ್ತಿಗಳ ಸಂದೇಶವನ್ನು ಮಿದುಳಿನಲ್ಲಿ ಸ್ವೀಕರಿಸುವುದು ಅದರ ಕೆಲಸ. ೨೦೦೮ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಅದರ ಸಮೀಪದಲ್ಲಿರುವ ಒಂದು ಭೇದವು ಯುರೋಪಿನವರಲ್ಲಿ ೧೦೦ಕ್ಕೆ ೨೭ರಷ್ಟಿದ್ದರೆ ಭಾರತೀಯ ಮೂಲದವರಲ್ಲಿ ೩೬ರಷ್ಟಿದೆ. ಅದರ ಎರಡು ಪ್ರತಿಗಳಿದ್ದವರ ಸೊಂಟದ ಸುತ್ತಳತೆಯು ಸುಮಾರು ೨ ಸೆಂಟಿಮೀಟರು ಹೆಚ್ಚು. ಜನಾಂಗ ಜನಾಂಗಗಳಿಗೆ ಬೀಜದಲ್ಲಿ ವ್ಯತ್ಯಾಸವಿರುವುದು ನಿಜವೆಂಬುದಕ್ಕೆ ಇನ್ನೇನು ಬೇಕು?

ವ್ಯತ್ಯಾಸವು ನಿಜ, ಆದರೆ ಅದರ ಗಾತ್ರವನ್ನು ಗಮನಿಸಬೇಕು. ಇಲ್ಲಿ ೩ ಕಿಲೋಗ್ರಾಂ, ಅಲ್ಲಿ ೨ ಸೆಂಟಿಮೀಟರು. ತೂಕಕ್ಕೆ ಸಂಬಂಧಪಟ್ಟ ಇಂಥ ಭೇದಗಳು ನೂರಾರು ದೊರೆತಿವೆ. ೨೦೧೮ರಲ್ಲಿ ೯೦೦ಕ್ಕೂ ಮಿಕ್ಕು ಭೇದಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಮನುಷ್ಯ ಮನುಷ್ಯರ ತೂಕದ ಅಂತರದಲ್ಲಿ ೧೦೦ಕ್ಕೆ ಸುಮಾರು ೬ ಪಾಲು ಮಾತ್ರ ಅವುಗಳಿಂದ ವಿವರಿಸಲ್ಪಟ್ಟಿತು. ಹನಿಹನಿಯಾಗಿ ಬೀಳುವ ಈ ಬೀಜಗುಣವು ಕೆರೆಯನ್ನು ತುಂಬಬೇಕಾದರೆ ಬೇರೆ ಯಾವುದೋ ಕಾಲುವೆಯು ಒಡೆದಿರಲೇಬೇಕು.

ಇದಕ್ಕೆ ಅಮೇರಿಕಾದ ಮೂಲನಿವಾಸಿಗಳಾದ ಪೀಮಾ ಜನರ ಕಥೆಯೇ ನಿದರ್ಶನ. ಈ ಕಥೆಯನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಬಯಸುತ್ತೇವೆ. ಏಕೆಂದರೆ ರಕ್ತವನ್ನು ದೂರುವವರೆಲ್ಲರೂ ಮೊದಲು ಬೆರಳು ತೋರಿಸುವುದು ಈ ಜನರ ಕಡೆಗೇ.

ಅರಿಜೋನಾ ಸಂಸ್ಥಾನದಲ್ಲಿ ಹೀಲಾ ಎಂಬ ನದಿಯಿದೆ. ಅದರ ದಂಡೆಯಲ್ಲಿ ನೆಲಸಿದ ಈ ಜನರು ತಮ್ಮನ್ನು ತಮ್ಮ ಭಾಷೆಯಲ್ಲಿ ‘ನದಿಯ ಜನ’ ಎಂದೇ ಕರೆದುಕೊಳ್ಳುವರು. ಮರಳುಗಾಡಿನ ನಡುವೆ ಕಾಲುವೆಗಳನ್ನು ತೋಡಿ ಮೆಕ್ಕೆಜೋಳ, ಅವರೆಯ ಜಾತಿಯ ಕಾಳುಗಳು, ಕುಂಬಳಗಳನ್ನು ಬೆಳೆದು ಬಾಳಿದವರು ಅವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆ ಮಾರ್ಗವಾಗಿ ಪಶ್ಚಿಮಕ್ಕೆ ಹೋಗುತ್ತಿದ್ದ ಬಿಳಿಯ ಪ್ರವಾಸಿಗಳಿಗೂ ಸೈನ್ಯಕ್ಕೂ ಗೋಧಿಯನ್ನು ಮಾರುವಷ್ಟು ಸಮೃದ್ಧಿ ಅವರಲ್ಲಿತ್ತು. ೧೮೭೦ರ ದಶಕದಿಂದೀಚೆಗೆ ನದಿಯ ಮೇಲ್ಭಾಗದಲ್ಲಿ ವಲಸೆ ಬಂದವರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಳ್ಳತೊಡಗಿದರು. ಶತಮಾನವು ಮುಗಿಯುವಷ್ಟರಲ್ಲಿ ಕಾಲುವೆಗಳು ಬತ್ತಿದವು, ಬೆಳೆಗಳು ಒಣಗಿದವು, ಗೋಧಿ ಮಾರಿದ ಕೈಗಳು ಗೋಧಿಗಾಗಿ ಚಾಚಿದವು. ಸರ್ಕಾರವು ಹಿಟ್ಟು, ಕೊಬ್ಬು, ಸಕ್ಕರೆಗಳನ್ನು ಹಂಚಿತು. ೧೯೩೦ರಲ್ಲಿ ಕೂಲಿಜ್ ಅಣೆಕಟ್ಟಿನ ಉದ್ಘಾಟನೆಯಾಯಿತು. ಆದರೆ ನಿರೀಕ್ಷಿಸಿದ ನೀರು ಅವರ ಹೊಲಗಳಿಗೆ ಬರಲಿಲ್ಲ. ಉತ್ತಿ ಬಿತ್ತಿ ಬೆವರು ಸುರಿಸಿ ಬದುಕಿದ ಜನರಿಗೆ ದುಡಿಮೆ ತಪ್ಪಿತು; ಡಬ್ಬಿಯಲ್ಲಿಯೂ ಚೀಲದಲ್ಲಿಯೂ ಬಂದ ಆಹಾರವೇ ಗತಿಯಾಯಿತು.

೧೯೬೨ರಲ್ಲಿ ಜೇಮ್ಸ್ ನೀಲ್ ಎಂಬ ಅಮೇರಿಕನ್ ಪಂಡಿತರು ಮಧುಮೇಹವನ್ನು ಕುರಿತು ಪ್ರಸಿದ್ಧವಾದ ಒಂದು ವಾದವನ್ನು ಮಂಡಿಸಿದರು. ಕ್ಷಾಮಗಳನ್ನು ದಾಟಿ ಬಂದ ಜನಾಂಗಗಳಲ್ಲಿ, ಉಂಡುದನ್ನು ಕೊಬ್ಬಾಗಿ ಕೂಡಿಡುವ ‘ಮಿತವ್ಯಯದ ಬೀಜ’ವು ಉಳಿದುಕೊಂಡಿರಬಹುದು, ಸುಭಿಕ್ಷಕಾಲದಲ್ಲಿ ಅದೇ ಶತ್ರುವಾಗಬಹುದು ಎಂಬುದು ಅವರ ಊಹೆ. ಇದಾದ ಮೂರು ವರ್ಷಗಳಿಗೆ, ೧೯೬೫ರಲ್ಲಿ, ಸರ್ಕಾರಿ ಆರೋಗ್ಯಸಂಸ್ಥೆಯ ವೈದ್ಯರು ಪೀಮಾ ಜನರನ್ನು ಪರೀಕ್ಷಿಸಲಾರಂಭಿಸಿದರು. ಹತ್ತಾರು ವರ್ಷ ಪರೀಕ್ಷಿಸಿದರು. ಮಧುಮೇಹವು ಅಲ್ಲಿದ್ದಷ್ಟು ದಟ್ಟವಾಗಿ ಆಗ ಬೇರೆಲ್ಲಿಯೂ ಕಂಡಿರಲಿಲ್ಲ. ನೀಲರ ಊಹೆಗೆ ಈ ಜನರೇ ಸಾಕ್ಷಿಗಳೆಂದು ಪಠ್ಯಪುಸ್ತಕಗಳು ಬರೆದವು. ಊಹೆಯು ಸಿದ್ಧಾಂತವಾಯಿತು, ಸಿದ್ಧಾಂತವು ಜನರ ಹಣೆಬರಹವಾಯಿತು.

ಆದರೆ ಅದೇ ಪೀಮಾ ಜನರ ಇನ್ನೊಂದು ಶಾಖೆಯು ಗಡಿಯಾಚೆ, ಮೆಕ್ಸಿಕೋ ದೇಶದ ಸೊನೋರಾ ಪ್ರಾಂತದ ಬೆಟ್ಟಗಳಲ್ಲಿ, ಮೈಕೋಬಾ ಎಂಬ ಹಳ್ಳಿಯ ಸುತ್ತಮುತ್ತ ಇದೆ. ಭಾಷೆಯಲ್ಲಿ ಹತ್ತಿರದವರು, ರಕ್ತದಲ್ಲಿಯೂ ಹತ್ತಿರದವರು. ಅಲ್ಲಿ ನೇಗಿಲು ಹಿಡಿಯುವ ಕೆಲಸವು ನಿಂತಿರಲಿಲ್ಲ. ಕಾಳು, ಮೆಕ್ಕೆಜೋಳದ ರೊಟ್ಟಿ, ಆಲೂಗಡ್ಡೆಗಳೇ ಊಟವಾಗಿದ್ದವು. ಎರಡು ಶಾಖೆಗಳನ್ನೂ ತೂಗಿ ನೋಡಿದ ವಿವರವು ೨೦೦೬ರಲ್ಲಿ ಪ್ರಕಟವಾಯಿತು. ಅಮೇರಿಕಾದ ಪೀಮಾ ಜನರಲ್ಲಿ ೧೦೦ಕ್ಕೆ ೩೮ ಮಂದಿಗೆ ಮಧುಮೇಹ. ಮೆಕ್ಸಿಕೋದವರಲ್ಲಿ ೭ಕ್ಕಿಂತಲೂ ತುಸು ಕಡಿಮೆ. ಅತಿಸ್ಥೌಲ್ಯವು ಅಮೇರಿಕಾದ ಗಂಡಸರಲ್ಲಿ ೧೦೦ಕ್ಕೆ ೬೪, ಹೆಂಗಸರಲ್ಲಿ ೭೫. ಮೆಕ್ಸಿಕೋದ ಗಂಡಸರಲ್ಲಿ ಸುಮಾರು ೭, ಹೆಂಗಸರಲ್ಲಿ ೨೦. ಬೀಜವೊಂದೇ, ಕ್ಷೇತ್ರಗಳೆರಡು, ಬೆಳೆಯೂ ಎರಡು ಬಗೆ!

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕೆಂದು ನಮ್ಮ ಪ್ರಾರ್ಥನೆ. ಈ ಜನರ ರಕ್ತವನ್ನು ಹತ್ತಾರು ವರ್ಷಗಳ ಕಾಲ ಸೀಸೆಗಳಲ್ಲಿ ತುಂಬಿಕೊಂಡು ಹೋಗಲಾಯಿತು. ಅವರ ನೀರಿನ ಹಕ್ಕನ್ನು ಇತ್ಯರ್ಥಪಡಿಸುವ ಶಾಸನವು ಅಮೇರಿಕಾದ ಕಾಂಗ್ರೆಸ್ಸಿನಲ್ಲಿ ಅಂಗೀಕಾರವಾದದ್ದು ೨೦೦೪ರಲ್ಲಿ. ವೈದ್ಯರ ಶ್ರಮವನ್ನು ನಾವು ಹೀನೈಸುವುದಿಲ್ಲ. ಆ ಸಂಶೋಧನೆಗಳಿಂದ ಲೋಕಕ್ಕೆ ಉಪಕಾರವಾಗಿದೆ. ಆದರೆ ರೋಗವು ರಕ್ತದಲ್ಲಿದೆ ಎಂದೊಡನೆ ನದಿಯನ್ನು ಕಸಿದವರ ಹೊಣೆಯು ಎಷ್ಟು ಸುಲಭವಾಗಿ ಮರೆಯಾಯಿತು! ‘ನಿಮ್ಮ ಬೀಜವೇ ಹಾಗಿದೆ’ ಎಂಬ ಮಾತು ಬಲಿಷ್ಠರಿಗೆ ಯಾವಾಗಲೂ ಅನುಕೂಲವಾದ ಮಾತು.

ಹಾಗಾದರೆ ಒಂದು ಜನಾಂಗಕ್ಕೇ ವಿಶಿಷ್ಟವಾದ ಬಲವಾದ ಬೀಜಗುಣವು ಇಲ್ಲವೇ ಇಲ್ಲವೋ? ಇದೆ. ಶಾಂತಸಾಗರದ ಸಮೋವಾ ದ್ವೀಪದ ೩,೦೭೨ ಜನರನ್ನು ಪರೀಕ್ಷಿಸಿದ ಸಂಶೋಧಕರು ೨೦೧೬ರಲ್ಲಿ ಸಿ.ಆರ್.ಇ.ಬಿ.ಆರ್.ಎಫ್. ಎಂಬ ವಂಶವಾಹಿಯ ಒಂದು ಭೇದವನ್ನು ಪ್ರಕಟಿಸಿದರು. ಸಮೋವಾದಲ್ಲಿ ೧೦೦ ಪ್ರತಿಗಳಿಗೆ ೨೬ರಷ್ಟಿರುವ ಈ ಭೇದವು ಶಾಂತಸಾಗರದ ದ್ವೀಪವಾಸಿಗಳನ್ನು ಬಿಟ್ಟರೆ ಬೇರೆಡೆ ಇಲ್ಲವೆನ್ನುವಷ್ಟು ವಿರಳ. ತೂಕದ ಮೇಲೆ ಅದರ ಪ್ರತಿಯೊಂದು ಪ್ರತಿಯ ಪ್ರಭಾವವು ಎಫ್‌.ಟಿ.ಓ. ಭೇದಕ್ಕಿಂತ ಬಹಳ ಹೆಚ್ಚು. ಜೀವಕೋಶದಲ್ಲಿ ಕೊಬ್ಬನ್ನು ಕೂಡಿಟ್ಟು ಶಕ್ತಿಯ ವೆಚ್ಚವನ್ನು ತಗ್ಗಿಸುವ ಗುಣವೂ ಅದರಲ್ಲಿ ಕಂಡಿತು. ನೀಲರ ಊಹೆಗೆ ಇಷ್ಟು ಒಪ್ಪುವ ಬೀಜವು ಹಿಂದೆ ದೊರೆತಿರಲಿಲ್ಲ. ಆದರೂ ಎರಡು ಸಂಗತಿಗಳನ್ನು ಮರೆಯಬಾರದು. ಒಂದನೆಯದು, ಸಮೋವಾದವರ ತೂಕದ ಅಂತರದಲ್ಲಿ ಈ ಭೇದದ ಪಾಲು ೧೦೦ಕ್ಕೆ ೨ರಷ್ಟೇ. ಎರಡನೆಯದು, ಈ ಭೇದವಿದ್ದವರಲ್ಲಿ ಮಧುಮೇಹವು ಹೆಚ್ಚಾಗುವುದರ ಬದಲು ಕಡಿಮೆಯಾಗಿಯೇ ಇದೆ. ಬೀಜವು ಒಂದು ಕೈಯಿಂದ ಕೊಬ್ಬನ್ನು ಕೊಟ್ಟು, ಇನ್ನೊಂದು ಕೈಯಿಂದ ರಕ್ಷಣೆಯನ್ನೂ ಕೊಟ್ಟಿದೆ. ಅದು ಆ ದ್ವೀಪಗಳಲ್ಲಿ ಹಿಂದಿನಿಂದಲೂ ಇದ್ದುದೇ. ಅತಿಸ್ಥೌಲ್ಯವು ಮನೆಮನೆಯ ಮಾತಾದುದು ಹಡಗುಗಳಲ್ಲಿ ಹೊರಗಿನ ಆಹಾರವು ಬಂದಿಳಿದ ಮೇಲೆ.

ಕಾಲವೂ ಒಂದು ಕ್ಷೇತ್ರವೇ. ಅಮೇರಿಕಾದ ಫ್ರಾಮಿಂಗ್‌ಹ್ಯಾಂ ಎಂಬ ಊರಿನ ಕುಟುಂಬಗಳ ಆರೋಗ್ಯವನ್ನು ೧೯೪೮ರಿಂದ ತಲೆಮಾರುಗಳ ಪರ್ಯಂತ ದಾಖಲಿಸುತ್ತ ಬಂದಿದ್ದಾರೆ. ಆ ದಾಖಲೆಗಳನ್ನು ೨೦೧೫ರಲ್ಲಿ ಪರಿಶೀಲಿಸಿದವರಿಗೆ ಆಶ್ಚರ್ಯವೊಂದು ಕಾದಿತ್ತು. ೧೯೪೨ಕ್ಕೆ ಹಿಂದೆ ಹುಟ್ಟಿದವರಲ್ಲಿ ಎಫ್‌.ಟಿ.ಓ. ಭೇದಕ್ಕೂ ತೂಕಕ್ಕೂ ಸಂಬಂಧವೇ ಕಾಣಲಿಲ್ಲ; ಅನಂತರ ಹುಟ್ಟಿದವರಲ್ಲಿ ಮಾತ್ರ ಸ್ಪಷ್ಟವಾಗಿ ಕಂಡಿತು. ಇನ್ನು ೨೦೧೧ರಲ್ಲಿ ೨ ಲಕ್ಷದ ೧೮ ಸಾವಿರ ಜನರ ಲೆಕ್ಕವನ್ನು ಒಟ್ಟುಗೂಡಿಸಿದವರು, ದೇಹಶ್ರಮವುಳ್ಳವರಲ್ಲಿ ಈ ಭೇದದ ಕೆಡುಕು ೧೦೦ಕ್ಕೆ ೨೭ರಷ್ಟು ತಗ್ಗುವುದೆಂದು ಕಂಡರು. ಬೀಜವು ಬಾಗಿಲ ಬಳಿ ನಿಂತಿರುವ ಅತಿಥಿಯಂತೆ. ಬಾಗಿಲು ತೆರೆಯುವ ಕೈ ಬೇರೆಯೇ ಇದೆ.

ಈಗ ನಮ್ಮ ದೇಶದ ಮಾತಿಗೆ ಬರೋಣ. ನಮ್ಮವರ ವಿಷಯದಲ್ಲಿ ವಿಚಿತ್ರವೇನೆಂದರೆ, ತೆಳ್ಳಗೆ ಕಾಣುವವರಲ್ಲಿಯೂ ಕೊಬ್ಬು ಅಡಗಿರುವುದು. ಪುಣೆಯ ವೈದ್ಯರಾದ ಯಾಜ್ಞಿಕರೂ ಲಂಡನ್ನಿನ ವೈದ್ಯರಾದ ಯುಡ್ಕಿನ್ನರೂ ೨೦೦೪ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಅಳೆದು ಪ್ರಕಟಿಸಿದರು. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿ.ಎಂ.ಐ. ಎಂಬ ಅಂಕವು ಇಬ್ಬರಿಗೂ ಒಂದೇ, ೨೨.೩. ಆದರೆ ದೇಹದ ಕೊಬ್ಬು ಯುಡ್ಕಿನ್ನರಲ್ಲಿ ೧೦೦ಕ್ಕೆ ೯, ಯಾಜ್ಞಿಕರಲ್ಲಿ ೨೧! ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗಲೂ ಇದೇ ಕಂಡಿತು. ನಮ್ಮ ಶಿಶುವಿನ ತೂಕ ೨.೭ ಕಿಲೋಗ್ರಾಂ, ಅವರದು ೩.೫, ನಮ್ಮ ಶಿಶುವಿನಲ್ಲಿ ಮಾಂಸಖಂಡವು ಬಡವಾಗಿದ್ದರೂ ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಗ್ಗಿರಲಿಲ್ಲ.

ಇದೂ ಬೀಜವೇ ಎನ್ನೋಣವೇ? ಅವಸರ ಬೇಡ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನು ಬರೆದಿಟ್ಟ ಪುಸ್ತಕಗಳಿದ್ದವು. ಆ ಶಿಶುಗಳು ಬೆಳೆದು ನಡುವಯಸ್ಸನ್ನು ದಾಟಿದ ಮೇಲೆ ೫೧೭ ಜನರನ್ನು ಹುಡುಕಿ ಪರೀಕ್ಷಿಸಿ, ೧೯೯೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟುವಾಗ ೨.೫ ಕಿಲೋಗ್ರಾಂ ಅಥವಾ ಅದಕ್ಕೂ ಕಡಿಮೆಯಿದ್ದವರಲ್ಲಿ ೧೦೦ಕ್ಕೆ ೧೧ ಮಂದಿಗೆ ಹೃದ್ರೋಗ. ಚೆನ್ನಾಗಿ ತೂಗುತ್ತಿದ್ದವರಲ್ಲಿ ೩ ಮಂದಿಗೆ ಮಾತ್ರ. ಹೃದ್ರೋಗವು ಸ್ಥೌಲ್ಯವಲ್ಲ, ನಿಜ. ಆದರೆ ಎರಡಕ್ಕೂ ನಂಟುಂಟು. ಈ ಲೆಕ್ಕವು ಕಲಿಸುವ ಪಾಠವಿದು: ಕ್ಷೇತ್ರವೆಂಬುದು ತಾಯಿಯ ಗರ್ಭದಿಂದಲೇ ಆರಂಭವಾಗುವುದು. ಅರೆಹೊಟ್ಟೆಯ ಬಸುರಿಯ ಮಗುವು ಕ್ಷಾಮಕ್ಕೆ ಸಿದ್ಧವಾಗಿ ಹುಟ್ಟಿ, ಸುಭಿಕ್ಷದಲ್ಲಿ ಸಿಕ್ಕಿಬೀಳುವುದು. ಇದನ್ನು ವಂಶದೋಷವೆಂದು ಕರೆಯುವುದು ಆ ತಾಯಿಗೆ ಮಾಡುವ ಎರಡನೆಯ ಅನ್ಯಾಯ.

ನಮ್ಮ ದೇಹಕ್ಕೆ ಪರರ ಅಳತೆಗೋಲು ಸಾಲದೆಂಬುದೂ ಇದರಿಂದ ಸಿದ್ಧವಾಗುವುದು. ಯುರೋಪಿನವರಿಗೆ ಬಿ.ಎಂ.ಐ. ೨೫ ಮುಟ್ಟಿದರೆ ಅತಿತೂಕ, ೩೦ ಮುಟ್ಟಿದರೆ ಅತಿಸ್ಥೌಲ್ಯ. ಏಷ್ಯದವರು ೨೩ರಿಂದಲೇ ಎಚ್ಚರಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೨೦೦೪ರಲ್ಲಿ ಸೂಚಿಸಿದರು. ಭಾರತದ ವೈದ್ಯರು ೨೦೦೯ರಲ್ಲಿ ೨೩ನ್ನು ಅತಿತೂಕಕ್ಕೂ ೨೫ನ್ನು ಅತಿಸ್ಥೌಲ್ಯಕ್ಕೂ ಗಡಿಯಾಗಿ ನಿಶ್ಚಯಿಸಿದರು. ಕನ್ನಡಿಯಲ್ಲಿ ತೆಳ್ಳಗೆ ಕಾಣುವೆವೆಂದು ನಿಶ್ಚಿಂತರಾಗಿರುವ ನಮ್ಮ ಮಿತ್ರರು ಒಮ್ಮೆ ಸೊಂಟಕ್ಕೆ ಅಳತೆಪಟ್ಟಿಯನ್ನು ಸುತ್ತಿ ನೋಡಲಿ.

ನಮ್ಮ ನಾಡಿನ ಅಂಕಿಗಳೇ ಈ ವಾದವನ್ನು ಮುಗಿಸುವುವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಬಿ.ಎಂ.ಐ. ೨೫ ಅಥವಾ ಮೇಲ್ಪಟ್ಟವರು ೨೦೧೫–೧೬ರಲ್ಲಿ ಹೆಂಗಸರಲ್ಲಿ ೧೦೦ಕ್ಕೆ ೨೩, ಗಂಡಸರಲ್ಲಿ ೨೨. ೨೦೧೯–೨೧ರ ಸಮೀಕ್ಷೆಯಲ್ಲಿ ಹೆಂಗಸರು ೩೦, ಗಂಡಸರು ೩೧. ನಾಲ್ಕೈದು ವರ್ಷಗಳಲ್ಲಿ ಕನ್ನಡಿಗರ ರಕ್ತವು ಬದಲಾಯಿತೇ? ಬೀಜವು ಬದಲಾಗಲು ತಲೆಮಾರುಗಳು ಬೇಕು. ಬದಲಾದುದು ಕ್ಷೇತ್ರ: ರಾಗಿ ಜೋಳಗಳು ಹಿಂದೆ ಸರಿದು ಪಾಲಿಷ್ ಮಾಡಿದ ಅಕ್ಕಿಯೂ ಮೈದಾಹಿಟ್ಟೂ ಮುಂದೆ ಬಂದುವು, ಕರಿದ ತಿಂಡಿಯ ಪೊಟ್ಟಣಗಳು ಹಳ್ಳಿಯ ಗೂಡಂಗಡಿಯಲ್ಲಿಯೂ ತೂಗಾಡುತ್ತಿವೆ, ನಡೆಯುತ್ತಿದ್ದವರು ಸವಾರಿ ಮಾಡುತ್ತಿದ್ದಾರೆ, ಆಟದ ಬಯಲುಗಳ ಮೇಲೆ ಕಟ್ಟಡಗಳೆದ್ದಿವೆ.

ಹಾಗೆಂದು ಬೀಜದ ವಿಚಾರವೇ ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ಆಕ್ಷೇಪಣೆಯೇ ಬೇರೆ. ನಮ್ಮ ಬೀಜವನ್ನು ನಾವು ಸಾಕಷ್ಟು ನೋಡಿಕೊಂಡಿಲ್ಲವೆಂಬುದು ಅದು. ರೋಗಗಳಿಗೂ ವಂಶವಾಹಿಗಳಿಗೂ ಇರುವ ಸಂಬಂಧವನ್ನು ಹುಡುಕಿದ ಲೋಕದ ಸಂಶೋಧನೆಗಳಲ್ಲಿ ೨೦೧೬ರ ವೇಳೆಗೆ ಪರೀಕ್ಷೆಗೊಳಗಾದವರ ಪೈಕಿ ೧೦೦ಕ್ಕೆ ೮೧ ಮಂದಿ ಯುರೋಪಿನ ಮೂಲದವರು. ಅವರಿಂದ ಕಟ್ಟಿದ ಲೆಕ್ಕಗಳು ಇತರರ ವಿಷಯದಲ್ಲಿ ತಪ್ಪುವುದು ಸಹಜ. ಅದರಲ್ಲಿಯೂ ಸಾವಿರಾರು ಸಮುದಾಯಗಳು ತಮ್ಮ ತಮ್ಮೊಳಗೇ ಕೊಟ್ಟು ತಂದು ಬಾಳಿದ ಈ ದೇಶದಲ್ಲಿ ‘ಭಾರತೀಯ ರಕ್ತ’ವೆಂಬ ಒಂದೇ ವಸ್ತುವಿದೆಯೇ? ಭಾರತ ಸರ್ಕಾರದ ಜೀನೋಮ್ ಇಂಡಿಯಾ ಯೋಜನೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳ್ತನದಲ್ಲಿ, ೨೦ ಸಂಸ್ಥೆಗಳು ಕೂಡಿ ೧೦,೦೦೦ ಭಾರತೀಯರ ವಂಶಲಿಪಿಯನ್ನು ಓದಿ ಮುಗಿಸಿವೆ. ೨೦೨೫ರ ಜನವರಿಯಲ್ಲಿ ಅದು ಸಂಶೋಧಕರಿಗೆ ತೆರೆದಿದೆ. ನಮ್ಮ ನಾಡಿನ ನೆಲದಲ್ಲಿ ನಡೆದ ಈ ಕಾರ್ಯಕ್ಕೆ ನಾವು ಹೆಮ್ಮೆಪಡುತ್ತೇವೆ. ಆದರೆ ಆ ಲಿಪಿಯನ್ನು ಜಾತಿಜಾತಿಗಳಿಗೆ ಹಣೆಪಟ್ಟಿ ಕಟ್ಟಲು ಯಾರೂ ಬಳಸದಂತೆ ಕಾಯುವುದೂ ಅಷ್ಟೇ ಮುಖ್ಯ. ಒಂದು ತೊಟ್ಟು ಜೊಲ್ಲನ್ನು ಕೊಟ್ಟರೆ ಮೈಯ ಭವಿಷ್ಯವನ್ನೆಲ್ಲ ಹೇಳುವೆವೆನ್ನುವ ವರ್ತಕರ ವಿಷಯದಲ್ಲಿಯೂ ವಾಚಕರು ಎಚ್ಚರವಾಗಿರಬೇಕು; ಪರರ ಲೆಕ್ಕದಿಂದ ಬರೆದ ಜಾತಕವು ನಮಗೆ ಹೊಂದೀತೆ?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಮಕ್ಕಳಾಗಿದ್ದಾಗಲೇ ಕಲಿತೆವು. ಗಾದೆಯು ನಿಜ. ಆದರೆ ಊಟವನ್ನು ಬಲ್ಲವನಿಗೂ ಒಳ್ಳೆಯ ಊಟವು ಕೈಗೆಟುಕಬೇಕಷ್ಟೆ? ಹೀಲಾ ನದಿಯ ಜನರಿಗೆ ಊಟವು ಗೊತ್ತಿರಲಿಲ್ಲವೇ? ಗೊತ್ತಿತ್ತು, ನೀರಿರಲಿಲ್ಲ. ಆದುದರಿಂದ ಮೈ ಬೆಳೆದವರನ್ನು ಹಳಿಯುವುದನ್ನು ಮೊದಲು ಬಿಡೋಣ. ರಕ್ತವನ್ನು ಹಳಿಯುವುದನ್ನೂ ಬಿಡೋಣ. ಬಸುರಿಯ ಪೋಷಣೆ, ಶಾಲೆಯ ಮಕ್ಕಳ ತಟ್ಟೆಯಲ್ಲಿ ರಾಗಿ, ಜೋಳ, ಬೇಳೆ, ಸೊಪ್ಪು, ಪ್ರತಿಯೊಂದು ಶಾಲೆಗೂ ಆಟದ ಬಯಲು, ಪ್ರತಿಯೊಂದು ಬೀದಿಗೂ ಕಾಲುದಾರಿ, ಪೊಟ್ಟಣದ ಮುಖದ ಮೇಲೆಯೇ ಸಕ್ಕರೆ ಉಪ್ಪು ಕೊಬ್ಬುಗಳ ಪ್ರಮಾಣವನ್ನು ಕನ್ನಡದಲ್ಲಿ ಓದುವಂತೆ ಮುದ್ರಿಸುವ ಕಟ್ಟಳೆ, ಇವು ಸರ್ಕಾರವೂ ಪುರಸಭೆಗಳೂ ಮಾಡಬೇಕಾದ ಕೆಲಸಗಳು. ನಡೆಯುವುದು, ದುಡಿಯುವುದು, ಹಿತವಾಗಿ ಉಣ್ಣುವುದು ನಮ್ಮ ನಮ್ಮ ಕೆಲಸ.

ಬೀಜವನ್ನು ನಾವು ಆರಿಸಿಕೊಂಡು ಬಂದಿಲ್ಲ. ಅದಕ್ಕಾಗಿ ಯಾರೂ ತಲೆ ತಗ್ಗಿಸಬೇಕಾದುದಿಲ್ಲ. ಆದರೆ ಕ್ಷೇತ್ರವು ನಮ್ಮ ಕೈಯಲ್ಲಿದೆ. ಅದನ್ನು ಹಾಳುಗೆಡವಿ ಬೀಜದ ಮೇಲೆ ದೂರು ಹೊರಿಸುವ ರೈತನನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಬುದ್ಧಿವಂತನೆನ್ನುವುದಿಲ್ಲ.